ಕಲ್ಮೇಶ ಬರೆದ ಆಡಿನ ಕಥೆ

ಮಲಪ್ರಭೆಯ ದಂಡೆಯಲ್ಲೊಂದು ಮಠ. ಆ ಮಠದಲ್ಲೊಂದು ಹಳೆಯ ಅಚ್ಚಿನ ಯಂತ್ರ, ಅದರ ಮೇಲೆ ಕಣ್ಣಿಟ್ಟು ಕೂತ ಒಬ್ಬ ಶಿಷ್ಯ.

ಶಿಷ್ಯನ ಹೆಸರು ಕಲ್ಮೇಶ. ಮೊಳೆ ಜೋಡಿಸುವುದು ಅವನ ಕೆಲಸ. ಒಂದೊಂದೇ ಸೀಸದ ಅಕ್ಷರ ಆರಿಸಿ ಸಾಲಿಗೆ ಸಾಲು ಕೂರಿಸಬೇಕು. ಬೇರೆಯವರ ಪುಸ್ತಕಗಳಿಗೆ ಜೋಡಿಸಿ ಜೋಡಿಸಿ ಅವನ ಬೆರಳ ತುದಿ ಕಪ್ಪಾಗಿತ್ತು. ತಾನು ಬರೆದ ಮಕ್ಕಳ ಕಥೆಯೊಂದು ಅದೇ ಯಂತ್ರದಿಂದ ಪುಸ್ತಕವಾಗಿ ಹೊರಬರಬೇಕು ಎಂಬುದು ಅವನಿಗಿದ್ದ ಒಂದೇ ಆಸೆ.

ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು, ಹೂಂ ಅಂದರೆ ಸಾಕಿತ್ತು. ಅಜ್ಜಾರು ಹೂಂ ಅನ್ನುತ್ತಿರಲಿಲ್ಲ.

ಅವನು ಮೊದಲು ತಂದದ್ದು ಮಾತು ಕೇಳದ ಆಡಿನ ಕಥೆ. ಆಡು ಹಿಂಡು ಬಿಟ್ಟು ಹೋಗುತ್ತದೆ, ಹಳ್ಳಕ್ಕೆ ಬೀಳುತ್ತದೆ, ಅತ್ತೂ ಕರೆದೂ ಬುದ್ಧಿ ಕಲಿಯುತ್ತದೆ. ಕೊನೆಗೆ ಒಂದು ಪುಟದ ತುಂಬ ನೀತಿ. ಪ್ರವಚನ ಕೇಳಿಯೇ ಬೆಳೆದವನಲ್ಲವೇ, ಅವನ ಆಡೂ ಬಾಯಿ ತೆರೆದರೆ ಪ್ರವಚನ ಮಾಡುತ್ತಿತ್ತು.

ಅಜ್ಜಾರು ಓದಿದರು. "ಇವತ್ತ ದಾಸೋಹದಾಗ ಹುಡುಗರ ಪಂಕ್ತಿಗೆ ನೀನ ಗೋಧಿ ಹುಗ್ಗಿ ಬಡಸು," ಎಂದರು. "ಉಂಡ ಮ್ಯಾಲೆ, ಹುಗ್ಗಿಯಿಂದ ಮೈಗೆ ಏನೇನು ಚಲೋ ಆಗತೈತಿ ಅನ್ನೂದನ್ನ ಅವ್ರಿಗೆ ತಿಳಿಸಿ ಹೇಳು."

ಕಲ್ಮೇಶ ಬಡಿಸಿದ. ಹುಡುಗರು ಎಲೆ ನೆಕ್ಕಿ ಉಂಡರು. ಅವನು ಗಂಟಲು ಸರಿಮಾಡಿಕೊಂಡು, "ಗೋಧಿ ಅಂದರ..." ಎಂದು ಶುರುಮಾಡುವಷ್ಟರಲ್ಲಿ ಪಂಕ್ತಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ಕೈ ತೊಳೆಯಲು ಹೊಳೆಗೆ ಓಡಿದ್ದರು.

"ಕೇಳಿದ್ರೇನೋ?" ಅಜ್ಜಾರು ವಿಚಾರಿಸಿದರು.

"ಎಂಜಲೆಲಿ ಹತ್ರ ಒಂದು ನಾಯಿ ಇತ್ರಿ. ಅದು ಕೇಳ್ತು."

ಅಜ್ಜಾರು ನಗಲಿಲ್ಲ, ಆದರೆ ಅವರ ಗಡ್ಡ ಅಲುಗಿತು. ಕಲ್ಮೇಶ ಅವತ್ತೇ ನೀತಿಯ ಪುಟ ಕಿತ್ತು ಒಲೆಗೆ ಹಾಕಿದ.

ಆಮೇಲೆ ವರ್ಷಗಟ್ಟಲೆ ಆ ಕಥೆಯನ್ನು ತಿದ್ದಿದ, ತೀಡಿದ. ಮಾತುಗಳಿಗೆ ಹೊಳಪು ಕೊಟ್ಟ. ಮಠಕ್ಕೆ ಬರುವ ಶಾಸ್ತ್ರಿಗಳು, ಮಾಸ್ತರರು ಓದಿ ಭೇಷ್ ಎಂದರು. ಕಲ್ಮೇಶ ಹಿಗ್ಗಿ ಹೀರೇಕಾಯಿಯಾಗಿ ಅಜ್ಜಾರ ಮುಂದೆ ಹೋಗಿ ನಿಂತ.

"ಯಾರ ಸಲುವಾಗಿ ಬರದಿ?"

"ಮಕ್ಕಳ ಸಲುವಾಗ್ರಿ."

"ಯಾವ ಕೂಸಿನ ಸಲುವಾಗಿ?"

"ಎಲ್ಲಾ ಮಕ್ಕಳ ಸಲುವಾಗ್ರಿ ಅಜ್ಜಾರ."

"ಹಂಗಾರ ಹೊಳಿ ದಂಡಿಗೆ ಹೋಗು. ಎಲ್ಲಾ ಮಕ್ಕಳು ಅಂತ ಹೆಸರಿಟ್ಟ ಕೂಸು ಸಿಕ್ಕರ ನನಗೂ ತೋರಸು."

ದಂಡೆಯಲ್ಲಿ ಸಿಕ್ಕವಳ ಹೆಸರು ಫಕೀರವ್ವ. ಮುಂದಿನ ಹಲ್ಲು ಬಿದ್ದ ಹುಡುಗಿ, ಉಸುಕಿನಲ್ಲಿ ಗುಬ್ಬಿಮನೆ ಕಟ್ಟುತ್ತಿದ್ದಳು. ಕಲ್ಮೇಶ ಪಕ್ಕದಲ್ಲಿ ಕೂತು ಕಥೆ ಓದತೊಡಗಿದ.

"ಆ ಆಡಿನ ಹೆಸರೇನು?" ಎಂದಳು.

"ಹೆಸರಿಲ್ಲ. ಅದು ಆಡು, ಅಷ್ಟ."

"ಮತ್ತ ಕಳಕೊಂಡ್ರ ಹೆಂಗ ಕರೀತಾರ?"

ಕಲ್ಮೇಶ ಹಾಳೆ ತಿರುವಿದ. ಅವಳು ಬಿಡಲಿಲ್ಲ.

"ಹಿಂಡು ಬಿಟ್ಟು ಯಾಕ ಹೋತು?"

"ಅದು ಮಾತು ಕೇಳದ ಆಡು."

"ಅದಲ್ಲೋ ಅಣ್ಣಾ, ಏನು ನೋಡಾಕ ಹೋತು?"

ಇಷ್ಟು ವರ್ಷ ಆ ಆಡಿನ ಬೆನ್ನು ಹತ್ತಿದ್ದರೂ ಅವನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ, ಯಾಕೋ, ತಡೆಯಲಾರದಷ್ಟು ಖುಷಿಯಾಯಿತು.

"ನೀನ ಹೇಳವಾ. ಏನು ನೋಡಾಕ ಹೋಗಿರಬೇಕು?"

"ಅದು ಬ್ಯಾ ಅಂದ್ರ ಆಚೀ ದಂಡ್ಯಾಗೂ ಯಾರೋ ಬ್ಯಾ ಅಂತಾರ. ಅವರ್ಯಾರು ಅಂತ ನೋಡಾಕ."

ಕಲ್ಮೇಶ ಹಾಳೆಗಳನ್ನು ಮಡಚಿಟ್ಟ. ಇಬ್ಬರೂ ಆಚೆ ದಂಡೆಗೆ ಮುಖ ಮಾಡಿ ಬ್ಯಾ ಎಂದು ಕೂಗಿದರು. ಹೊತ್ತು ಇಳಿಯುವವರೆಗೂ ಕೂಗಿದರು. ಮೀನು ಹಿಡಿಯುವವರು ಬಲೆ ಬಿಟ್ಟು ಇವರನ್ನೇ ನೋಡುತ್ತ ನಿಂತರು.

ಮತ್ತೆ ಬರೆಯಲು ಕೂತ. ಈಗ ಆಡಿಗೆ ಗೆಜ್ಜಿ ಎಂದು ಹೆಸರು, ಅದಕ್ಕೊಬ್ಬ ಸಿಡುಕಿನ ಅವ್ವ, ಆಚೆ ದಂಡೆಯಲ್ಲಿ ಉತ್ತರ ಕೊಡುವ ಯಾರೋ ಒಬ್ಬರು. ಬರೆಯುವಾಗ ತನ್ನಷ್ಟಕ್ಕೆ ತಾನೇ ನಗುತ್ತಿದ್ದ. ಮೊಳೆ ಜೋಡಿಸುವಾಗಲೂ ಗೆಜ್ಜಿಯದೇ ಗುಂಗು. ಯಾರದೋ ಪಂಚಾಂಗದಲ್ಲಿ ಅಮಾವಾಸ್ಯೆಯ ಜಾಗಕ್ಕೆ ಹುಣ್ಣಿಮೆ ಕೂರಿಸಿ ಬೈಸಿಕೊಂಡ.

ಅಂತೂ ಕಥೆ ಮುಗಿಯಿತು. ದುಂಡಗೆ ನಕಲು ಮಾಡಿ, ಚಿತ್ರ ಬರೆದು, ದಾರ ಹಾಕಿ ಹೊಲಿದ. ಇನ್ನು ಯಾಕೆಂದು ಹಳೆಯ ಹಾಳೆಗಳನ್ನೆಲ್ಲ ಒಲೆಗೆ ಹಾಕಿದ.

ಅಜ್ಜಾರು ಕೊನೆಯ ಪುಟದವರೆಗೂ ಓದಿದರು. ಎದ್ದು ಹೊಳೆಯ ಕಡೆ ನಡೆದು, ಆಡುತ್ತಿದ್ದ ಹುಡುಗರ ನಡುವೆ ಅದನ್ನು ಇಟ್ಟು ವಾಪಸು ಬಂದರು.

ಕಲ್ಮೇಶ ಓಡಿ ಬಂದು ಅಡ್ಡ ನಿಂತ. "ಅಜ್ಜಾರ, ಇರೂದು ಅದೊಂದ ಪ್ರತೀರಿ!"

"ಹೌದೇನು?" ಎಂದು ಅಜ್ಜಾರು ಕಣ್ಣು ಮುಚ್ಚಿ ಕೂತುಬಿಟ್ಟರು.

ಕಲ್ಮೇಶ ಅಂಗಳದಲ್ಲಿ ಶತಪಥ ಹಾಕಿದ. ಕೊನೆಗೆ ತಡೆಯಲಾರದೆ ಹೊಳೆಗೆ ಹೋದ. ಹೋದಷ್ಟೇ ಬೇಗ ಓಡಿ ಬಂದ. ಕೈ ಖಾಲಿ, ಮುಖದಲ್ಲಿ ಕಳೆಯಿಲ್ಲ.

"ಹಾಳಾತ್ರೀ ಅಜ್ಜಾರ! ಹರದು ಎರಡು ಹೋಳು ಮಾಡ್ಯಾರ!"

"ಯಾರು?"

"ಫಕೀರವ್ವ ಒಂದು ಕಡೆ ಹಿಡದ್ಳು, ಆ ಸೋಮ್ಯಾ ಇನ್ನೊಂದು ಕಡೆ ಹಿಡದ. ನಾ ಮೊದಲು, ನೀ ಮೊದಲು ಅಂತ ಜಗ್ಯಾಡಿದ್ರು. ಅರ್ಧ ಅಕಿ ಕೈಯಾಗ, ಅರ್ಧ ಅವನ ಕೈಯಾಗ."

"ಈಗ ಏನು ಮಾಡಾಕತ್ತಾರ?"

"ಮುಂದ ಏನಾತು ಅಂತ ಅಕಿ ಅಳಾಕತ್ತಾಳ್ರಿ. ಮೊದಲ ಏನಾಗಿತ್ತು ಅಂತ ಅವ ಅಳಾಕತ್ತಾನ. ಉಳಿದಾವ್ರೆಲ್ಲಾ ಸುತ್ತ ನಿಂತು ನನಗ ಕೊಡು, ನನಗ ಕೊಡು ಅಂತ ಬಡದಾಡಾಕತ್ತಾರ." ಹೇಳುತ್ತ ಹೇಳುತ್ತ ಕಲ್ಮೇಶನೂ ಅಳತೊಡಗಿದ. "ಇಷ್ಟು ವರ್ಷದ್ದು ಎಲ್ಲಾ ನೀರಾಗ ಹೋಮ ಮಾಡಿದಂಗಾತು. ನಾ ಇನ್ನ ಏನು ಮಾಡ್ಲಿ ಅಜ್ಜಾರ?"

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಠದ ಗೋಡೆಯ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಹೆಗಲ ಮೇಲಿನ ವಸ್ತ್ರದಿಂದ ಶಿಷ್ಯನ ಕಣ್ಣೊರೆಸಿ ಹೇಳಿದರು:

"ಒಂದು ಪ್ರತಿ ಸಾಲಂಗಿಲ್ಲ ಅಂತ ಹುಡುಗರು ಹೇಳಿ ಕಳಿಸ್ಯಾರಲ್ಲೋ. ಹೋಗು, ಎರಡೂ ಹೋಳು ಇಸಗೊಂಡು ಬಂದು ಮೊಳಿ ಜೋಡಸು."