ಹುಬ್ಬಿನ ನಡುವಿನ ಗೆರೆ

ಶ್ರೀಶೈಲ ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಪದವಿಯಲ್ಲಿ ಮೊದಲ ಸ್ಥಾನ ತನ್ನದೇ ಎಂದು ಹಾಸ್ಟೆಲ್ಲಿಗೆಲ್ಲ ಸಾರಿಕೊಂಡು ಬಂದಿದ್ದ. ಬಾಕಿಯಿದ್ದದ್ದು ಭಾವಚಿತ್ರದ ಪರೀಕ್ಷೆಯೊಂದೇ.

ಮಾಡೆಲ್ ಆಗಿ ಕೂರಲು ಫಕೀರವ್ವ ಬಂದಿದ್ದಳು. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿ. ಕುರ್ಚಿಯಲ್ಲಿ ಕೂರಿಸಿ, ಆಕೆಯ ಪಾದಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಎದ್ದು ಬಂದರೂ ಕಾಲು ಮತ್ತೆ ಅಲ್ಲೇ ಇಡಬೇಕಲ್ಲ. ಅರ್ಧ ಗಂಟೆಗೊಮ್ಮೆ ಆಕೆಗೆ ಹತ್ತು ನಿಮಿಷ ವಿಶ್ರಾಂತಿ ಎಂಬುದು ನಿಯಮ.

ಮೊದಲ ವಿಶ್ರಾಂತಿಗೆ ಎಲ್ಲರೂ ಕುಂಚ ಕೆಳಗಿಟ್ಟು ಚಹಾಕ್ಕೆ ಹೊರಟರು. ಶ್ರೀಶೈಲ ಕದಲಲಿಲ್ಲ.

“ಯವ್ವಾ, ಏಳಬ್ಯಾಡ. ಐದ ನಿಮಿಷ ಕೂಡು. ಈಗ ಎದ್ರ ನನ್ನ ಚಿತ್ರ ಕೆಡ್ತೈತಿ.”

ಫಕೀರವ್ವ ಕೂತಳು. ಐದು ನಿಮಿಷ ಹತ್ತಾಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಆಕೆ, “ತಮ್ಮಾ, ಕಾಲು...” ಎಂದಳು.

“ಮಾತಾಡಬ್ಯಾಡ ಬೇ, ತುಟಿ ಅಲುಗಾಡ್ತಾವ!”

ಸಂಜೆ ಪರೀಕ್ಷಕರಾದ ಇಟಗಿ ಸರ್ ಒಂದೊಂದೇ ಚಿತ್ರ ನೋಡುತ್ತ ಬಂದು ಶ್ರೀಶೈಲನದರ ಮುಂದೆ ನಿಂತುಬಿಟ್ಟರು.

“ಹುಬ್ಬಿನ ನಡುವಿನ ಗೆರಿ ಭಾಳ ಚಂದ ಹಿಡದಿಯಲ್ಲೋ! ಉಳಿದವರ ಚಿತ್ರದಾಗ ಇದು ಇಷ್ಟು ಆಳ ಇಲ್ಲ. ಏನಿದು?”

“ಜೀವನಾನುಭವ, ಸರ್,” ಎಂದು ಶ್ರೀಶೈಲ ಎದೆಯುಬ್ಬಿಸಿದ.

ಅಷ್ಟರಲ್ಲಿ ಏಳಲು ಹೋದ ಫಕೀರವ್ವ, ಆಗದೆ ಮತ್ತೆ ಕುರ್ಚಿಗೆ ಕುಸಿದಳು. ಆಕೆಯ ಪಾದಗಳು ಬಾತುಕೊಂಡಿದ್ದವು.

“ಅದು ಅನುಭವ ಅಲ್ಲೋ ತಮ್ಮಾ, ಮೊಣಕಾಲ ಬ್ಯಾನಿ,” ಎಂದಳು ಸಿಟ್ಟಿಲ್ಲದೆ. “ಹೇಳಾಕ ಬಂದೆ. ನೀ ಮಾತಾಡಬ್ಯಾಡ ಅಂದಿ.”

ಶ್ರೀಶೈಲನ ಮುಖ ಕಪ್ಪಿಟ್ಟಿತು. ಆ ಗೆರೆಯ ಉದ್ದ, ಅಗಲ, ನೆರಳು ಎಲ್ಲವನ್ನೂ ಅವನು ಅಳೆದಳೆದು ಇಳಿಸಿದ್ದ. ಹೊತ್ತು ಹೋದಂತೆ ಅದು ಆಳವಾಗುವುದನ್ನು ಕಂಡು ಒಳಗೊಳಗೇ ಖುಷಿಯನ್ನೂ ಪಟ್ಟಿದ್ದ. ಅದು ನೆನಪಾಗಿ, ನಿಂತ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ತಪ್ಪಾಯಿತು ಎಂದು ಆಕೆಯ ಕಾಲು ಮುಟ್ಟಲು ಬಾಗಿದ. ಮುಟ್ಟಿದರೆ ಎಲ್ಲಿ ಮತ್ತೆ ನೋಯುವುದೋ ಎಂದು ಫಕೀರವ್ವ ಕಾಲು ಹಿಂದೆಳೆದುಕೊಂಡಳು.

ಮೊದಲ ಸ್ಥಾನ ಅವನಿಗೇ ಬಂತು. ಕಾಲೇಜಿನವರು ಆ ಚಿತ್ರವನ್ನು ಹೆಮ್ಮೆಯಿಂದ ಮುಂಬಾಗಿಲಲ್ಲೇ ತೂಗುಹಾಕಿದರು. ಪದವಿಯ ಸರ್ಟಿಫಿಕೇಟು ಒಯ್ಯಲು ಬಂದ ದಿನ ಶ್ರೀಶೈಲ ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋದ.

ನೀತಿ: ಎದುರಿಗಿದ್ದವರ ಮುಖವನ್ನು ಎಷ್ಟೇ ಚೆನ್ನಾಗಿ ಬರೆದರೂ, ಅವರ ನೋವು ಕಾಣದ ಕಣ್ಣು ಇನ್ನೂ ನೋಡಲು ಕಲಿತಿಲ್ಲ.