ಐತಪ್ಪ ಗುನುಗುವವರೆಗೆ

ಗುರುಗಳು ಹೊಳೆಯ ದಡ ಸೇರುವುದು ಸಾಮಾನ್ಯವಾಗಿ ತಪಸ್ಸಿಗೆ. ಇನಾಸ್ ಮಾಸ್ಟ್ರು ಸೇರಿದ್ದು ನೆರೆಹೊರೆಯವರ ಕೋರಿಕೆಯ ಮೇರೆಗೆ.

ಮಾಸ್ಟ್ರು ಟ್ಯೂಬಾ ಊದುತ್ತಿದ್ದರು. ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ವಾದ್ಯ ಅದು. ಮಗುವಿನಂತೆ ಮಡಿಲಲ್ಲಿ ಕೂರಿಸಿಕೊಂಡು ಊದಬೇಕು. ಬಾಯಿ ಆಕಾಶಕ್ಕೆ, ದನಿ ಪಾತಾಳಕ್ಕೆ.

ನೆರೆಯವರು ಕೆಲಕಾಲ ಸಹಿಸಿದರು. ಆಮೇಲೆ ತಾವೇ ಮುಂದೆ ನಿಂತು ಹೊಳೆಯಾಚೆ ಒಂದು ಹೆಂಚಿನ ಕೊಟ್ಟಿಗೆ ಹುಡುಕಿಕೊಟ್ಟರು. ಆಶ್ರಮ ಸ್ಥಾಪನೆಯಾದದ್ದು ಹೀಗೆ.

ಅಲ್ಲಿಗೆ ಒಂದು ಬೆಳಿಗ್ಗೆ ವಿನ್ನಿ ದೋಣಿ ಹತ್ತಿ ಬಂದಳು. ಇಗರ್ಜಿಯ ಬ್ಯಾಂಡಿನಲ್ಲಿ ಟ್ಯೂಬಾ ಊದುವ ಹುಡುಗಿ. ವಾದ್ಯ ಅವಳಿಗಿಂತ ಸ್ವಲ್ಪ ದಪ್ಪವಿತ್ತು.

"ಮಾಸ್ಟ್ರೇ, ಯೂನಿವರ್ಸಿಟಿಯ ಸಂಗೀತ ವಿಭಾಗದಲ್ಲಿ ದಪ್ಪ ದನಿಯ ಹಿತ್ತಾಳೆ ವಾದ್ಯಗಳಿಗೆ ಒಂದೇ ಒಂದು ಸೀಟು ಉಂಟು. ಮಳೆಗಾಲಕ್ಕೆ ಮುಂಚೆ ಆಡಿಷನ್. ಆ ಸೀಟು ನನಗೆ ಬೇಕು."

"ಸಿಗದಿದ್ದರೆ?"

"ಅಪ್ಪ ನರ್ಸಿಂಗಿಗೆ ಸೇರಿಸ್ತಾರೆ. ನನಗೆ ರಕ್ತ ನೋಡಿದರೆ ತಲೆ ತಿರುಗ್ತದೆ."

"ಹಾಗಾದರೆ ರೋಗಿಗಳ ಸಲುವಾಗಿಯಾದರೂ ನಿನಗೆ ಸಿಗಬೇಕು," ಎಂದರು ಮಾಸ್ಟ್ರು. "ಊದು."

ವಿನ್ನಿ ಊದಿದಳು. ಫೋನಿನಲ್ಲಿ ನೋಡಿ ಕಲಿತ ಭಾರೀ ಕಷ್ಟದ ತುಣುಕು. ಸಣ್ಣ ಸಣ್ಣ ಸ್ವರಗಳು ಒಂದರ ಮೇಲೊಂದು ಬಿದ್ದು ಓಡಿದವು. ಮುಗಿಯುವಾಗ ಅವಳ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

"ಹೇಗುಂಟು ಮಾಸ್ಟ್ರೇ?"

"ಆನೆ ತೆಂಗಿನಮರ ಹತ್ತಿದ ಹಾಗೆ. ನೋಡಲಿಕ್ಕೆ ಜನ ಸೇರ್ತಾರೆ. ಕಾಯಿ ಮಾತ್ರ ಕೆಳಗೆ ಬೀಳುದಿಲ್ಲ."

"ಬೇರೆಯವರೆಲ್ಲ ಇಂಥದ್ದೇ ಊದುದು."

"ಹಾಗಾದರೆ ಅಲ್ಲಿ ಆನೆಗಳಿಗೆ ಕೊರತೆ ಇಲ್ಲ. ಇಗರ್ಜಿಯ ಬ್ಯಾಂಡಿನಲ್ಲಿ ನೀನು ಎಂತ ಊದುದು?"

ವಿನ್ನಿ ತಲೆ ತಗ್ಗಿಸಿದಳು. "ಅದು ಬಿಡಿ. ಪೊಂ ಪೊಂ ಅಂತ, ಅಷ್ಟೆ."

"ಅದನ್ನೇ ಊದು. ಮದುಮಗಳನ್ನು ಕರೆದು ತರುವ ಹಾಡಿನದ್ದು."

"ಹಾಡು ಯಾರು ಊದುದು?"

"ಯಾರೂ ಇಲ್ಲ."

ವಿನ್ನಿ ಊದಿದಳು. ಮೇಲೆ ಹಾಡಿಲ್ಲದ ಪೊಂ ಪೊಂ, ಮನೆಯಿಲ್ಲದ ಅಡಿಪಾಯದಂತೆ. ದಾರಿಹೋಕರು ಎಡವುವುದಕ್ಕೆ ಬಿಟ್ಟು ಬೇರೆ ಉಪಯೋಗವಿಲ್ಲ.

ನಡುಹೊಳೆಯಿಂದ ದೋಣಿಯ ಐತಪ್ಪ ಕೂಗಿದ. "ಮಾಸ್ಟ್ರೇ, ಎಮ್ಮೆ ಕರು ಹಾಕ್ತದಾ?"

"ಅವನೇ ನಿನ್ನ ಪರೀಕ್ಷಕ," ಎಂದರು ಮಾಸ್ಟ್ರು.

"ಐತಪ್ಪಣ್ಣನಾ? ಅವರಿಗೆ ಸಂಗೀತ ಗೊತ್ತುಂಟಾ?"

"ಎಂತದೂ ಇಲ್ಲ. ಆದರೆ ದಿಬ್ಬಣಗಳನ್ನು ದಾಟಿಸಿ ದಾಟಿಸಿ ಆ ಹಾಡು ಅವನ ಕಿವಿಯಲ್ಲಿ ಎಲ್ಲೋ ಬಿದ್ದುಕೊಂಡುಂಟು. ನೀನು ಬರೀ ಪೊಂ ಪೊಂ ಊದುವಾಗ ಅವನಾಗಿಯೇ ಹಾಡು ಗುನುಗಬೇಕು. ಆ ದಿನ ನೀನು ಆಡಿಷನಿಗೆ ತಯಾರು."

"ಗುನುಗಿ ಅಂತ ನಾನೇ ಹೇಳಿದರೆ ಗುನುಗ್ತಾರೆ."

"ಹೇಳಿದರೆ ಅವನು ನರ್ಸಿಂಗಿಗೂ ಸೇರ್ತಾನೆ. ಬಾಯಿ ಮುಚ್ಚಿ ಊದು."

ಬಾಯಿ ಮುಚ್ಚಿ ಊದುವುದು ಹೇಗೆಂದು ವಿನ್ನಿ ಕೇಳಲಿಲ್ಲ. ಒಳ್ಳೆಯ ಶಿಷ್ಯೆ.

ಮೊದಲು ಅವಳು ಗಟ್ಟಿಯಾಗಿ ಊದಿದಳು. ಕೊಕ್ಕರೆಗಳು ಎದ್ದು ಹೋದವು. ಐತಪ್ಪ ಮುಂಡಾಸನ್ನು ಕಿವಿಯವರೆಗೆ ಎಳೆದುಕೊಂಡ.

ಆಮೇಲೆ ಮೆಲ್ಲಗೆ ಊದಿದಳು. "ಇವತ್ತು ಎಮ್ಮೆಗೆ ರಜೆಯಾ?" ಎಂದು ಐತಪ್ಪ ವಿಚಾರಿಸಿದ.

ವಿನ್ನಿ ಸೋಲುವವಳಲ್ಲ. ಬೆಳಿಗ್ಗೆ ಮೊದಲ ದೋಣಿಗೆ ಬಂದಳು, ಸಂಜೆ ಕೊನೆಯ ದೋಣಿಗೆ ಹೋದಳು. ತುಟಿ ಬಾತುಕೊಂಡಿತು. ಮನೆಯಲ್ಲಿ ಅಪ್ಪ ನರ್ಸುಗಳಿಗೆ ವಿದೇಶದಲ್ಲಿ ಎಷ್ಟು ಬೆಲೆ ಎಂಬುದನ್ನು ಗೋಡೆಗೆ ಹೇಳುತ್ತಿದ್ದರು. ಗೋಡೆ ಒಪ್ಪಿಕೊಂಡಿತ್ತು.

ಒಂದು ದಿನ ಅವಳಿಗೆ ಉಪಾಯ ಹೊಳೆಯಿತು. ಎರಡು ಪೊಂಗಳ ನಡುವಿನ ಖಾಲಿ ಜಾಗದಲ್ಲಿ ಚಂದದ ಸಣ್ಣ ಸ್ವರಗಳನ್ನು ತುಂಬಿದಳು.

ಮಾಸ್ಟ್ರು ಎದ್ದು ಬಂದರು. ಹೆಗಲ ಬೈರಾಸು ತೆಗೆದು ಟ್ಯೂಬಾದ ಬಾಯಿಗೆ ತುರುಕಿದರು.

"ಎಂತ ಮಾಸ್ಟ್ರೇ?"

"ಹಾಡು ಕೂರುವ ಜಾಗದಲ್ಲಿ ನೀನು ಕೂತಿದ್ದೀ. ಅದು ಬಂದರೆ ನಿಂತುಕೊಂಡೇ ಇರಬೇಕಾ?"

"ಬರುದೇ ಇಲ್ಲವಲ್ಲ! ಹೊಳೆ ನೋಡಿ ಊದಿ ಊದಿ ಸಾಕಾಯ್ತು. ಇಲ್ಲದ ಹಾಡಿಗೆ ಹೇಗೆ ಊದುದು, ನೀವೇ ಹೇಳಿ."

ಮಾಸ್ಟ್ರು ಬೈರಾಸು ಎಳೆದು ತೆಗೆದು ಮುಖ ಒರೆಸಿಕೊಂಡರು. ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಬಲ ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿ ನಿಂತರು. ಇಗರ್ಜಿಯ ಮದುವೆಯಲ್ಲಿ ಮಗಳನ್ನು ಕೈಹಿಡಿದು ಕರೆತರಲು ಅಪ್ಪ ನಿಲ್ಲುವ ಹಾಗೆ. ಮಾಸ್ಟ್ರಿಗೆ ಮಗಳಿರಲಿಲ್ಲ. ಮದುವೆಯೂ ಆಗಿರಲಿಲ್ಲ.

"ಊದು," ಎಂದರು.

ವಿನ್ನಿಗೆ ನಗು ಬಂತು. ಆದರೂ ಊದಿದಳು.

ಮಾಸ್ಟ್ರು ನಡೆಯತೊಡಗಿದರು. ಮೊಣಕೈಗೆ ಯಾರೋ ಕೈ ಕೊಟ್ಟಿದ್ದಾರೆ ಎಂಬಂತೆ ನಿಧಾನವಾಗಿ. ಮಾವಿನ ಬೇರು ಅಡ್ಡ ಬಂದಲ್ಲಿ ತಾವು ದಾಟಿ, ನಿಂತು, ಮದುಮಗಳೂ ದಾಟುವವರೆಗೆ ಕಾದರು.

ವಿನ್ನಿಯ ನಗು ನಿಂತಿತು.

ಅವಳ ಪೊಂ ಸ್ವಲ್ಪ ಮುಂದೆ ಓಡಿದರೆ ಮಾಸ್ಟ್ರು ತಡವರಿಸುತ್ತಿದ್ದರು. ಹಿಂದೆ ಬಿದ್ದರೆ ಒಂದು ಕಾಲು ಎತ್ತಿಕೊಂಡು ಕಾಯುತ್ತಿದ್ದರು. ಅವರ ಪಕ್ಕದಲ್ಲಿ ನಡೆಯುವವಳಿಗಾಗಿ ಅವಳು ಒಳಗೊಳಗೇ ಹಾಡು ಹೇಳಿಕೊಂಡಳು. ಹೊರಗೆ ಪೊಂ ಪೊಂ ಮಾತ್ರ ಬಿಟ್ಟಳು.

ಮಾಸ್ಟ್ರು ಎಡವದೆ ನೀರಿನವರೆಗೆ ಹೋದರು.

ಆಗ ಹೊಳೆಯಿಂದ ಒಂದು ಸ್ವರ ಕೇಳಿತು. ಐತಪ್ಪ ಹುಟ್ಟು ಹಾಕುತ್ತಾ ಗುನುಗುತ್ತಿದ್ದ. ದನಿ ಹರಕು. ಹಾಡು ಮಾತ್ರ ಅದೇ.

"ಮಾಸ್ಟ್ರೇ! ಗುನುಗಿದರು!" ವಿನ್ನಿ ಕುಣಿದಳು. ಟ್ಯೂಬಾ ಹೊತ್ತು ಎಷ್ಟು ಕುಣಿಯಬಹುದೋ ಅಷ್ಟು. "ಆದರೆ ಎರಡನೇ ಸಾಲು ತಪ್ಪು. ಇಳಿಯುವಲ್ಲಿ ಏರಿಸ್ತಾರೆ, ಪಾಪ. ಎಂಥ ಕಿವಿ!"

ಮಾಸ್ಟ್ರು ಐತಪ್ಪನನ್ನಲ್ಲ, ಅವಳ ಟ್ಯೂಬಾವನ್ನು ನೋಡಿದರು.

ಐತಪ್ಪ ದೋಣಿ ನಿಲ್ಲಿಸಿ ಕೂಗಿದ. "ಮಾರಾಯ್ತಿ, ಈ ಹಾಡು ನನ್ನ ಬಾಯಿಗೆ ಎಲ್ಲಿಂದ ಬಂತು? ತಡ ಆಯ್ತಲ್ಲ, ಹೆಂಡತಿಗೆ ಎಂತ ಸುಳ್ಳು ಹೇಳುದು ಅಂತ ಯೋಚನೆ ಮಾಡ್ತಾ ಇದ್ದೆ. ಒಳ್ಳೇದೊಂದು ಸಿಕ್ಕಿತ್ತು. ಅದೂ ಮರೆತುಹೋಯ್ತು!"

ಆಡಿಷನ್ ಮುಗಿಸಿ ವಿನ್ನಿ ಬಂದದ್ದು ಮೋಡ ಕವಿದ ಒಂದು ಸಂಜೆ. ಟ್ಯೂಬಾ ಇಳಿಸಿ, ಅದರ ಪಕ್ಕದಲ್ಲೇ ಕುಸಿದಳು.

"ಯಾರೂ ಗುನುಗಲಿಲ್ಲ ಮಾಸ್ಟ್ರೇ."

"ಎಂತಾಯ್ತು, ಸರೀ ಹೇಳು."

"ಮೂವರು ಕೂತಿದ್ದರು. ನನಗಿಂತ ಮುಂಚೆ ಬಂದವರೆಲ್ಲ ಆನೆ ಹತ್ತಿಸಿದರು. ಒಬ್ಬ ಅಂತೂ ತುದಿಗೇ ಹತ್ತಿಸಿದ. ನಾನು ಪೊಂ ಪೊಂ ಶುರು ಮಾಡಿದೆ. ಇಬ್ಬರು ಮುಖ ಮುಖ ನೋಡಿಕೊಂಡರು. ಮೂರನೆಯವರು, ಹಿರಿಯರು, ತಲೆ ತಗ್ಗಿಸಿ ಎಂತದೋ ಬರೆಯುತ್ತಾ ಇದ್ದರು."

"ಆಮೇಲೆ?"

"ನಡುವೆ ನನಗೆ ನರ್ಸಿಂಗ್ ನೆನಪಾಯ್ತು. ಬೆರಳು ತಪ್ಪಲಿಲ್ಲ, ಉಸಿರು ತಪ್ಪಲಿಲ್ಲ. ಆದರೆ ಒಳಗಿನ ಹಾಡು ನಿಂತುಹೋಯ್ತು."

"ಆಗ?"

"ಆಗ ಆ ಹಿರಿಯರು ಫಕ್ಕನೆ ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ಬಾಗಿಲು ನೋಡಿದರು. ಯಾರೋ ಎದ್ದು ಹೋದ ಹಾಗೆ."

ಮಾಸ್ಟ್ರು ಚಹಾದ ಲೋಟ ಕೆಳಗಿಟ್ಟರು. "ಬಿಟ್ಟು ಬಂದೆಯಾ?"

"ಬಿಡುದಾ? ಅಲ್ಲಿವರೆಗೆ ಹೋಗಿ? ನಿಮ್ಮ ಮೊಣಕೈ ನೆನಪು ಮಾಡಿಕೊಂಡೆ. ಹಾಡು ವಾಪಸ್ ಬಂತು. ಅವರು ವಾಪಸ್ ಬರೆಯಲಿಕ್ಕೆ ಶುರು ಮಾಡಿದರು. ಮುಗಿದ ಮೇಲೆ 'ಆಯ್ತು, ಹೋಗಮ್ಮ' ಅಂದರು. ಅಷ್ಟೇ. ನನ್ನ ಮುಖ ಕೂಡಾ ನೋಡಲಿಲ್ಲ."

"ಚಹಾ ಕುಡಿ," ಎಂದರು ಮಾಸ್ಟ್ರು.

ಮಳೆಗಾಲದ ಮೊದಲ ವಾರ ವಿನ್ನಿ ದೋಣಿಯಿಂದಲೇ ಕೂಗುತ್ತಾ ಬಂದಳು. ಸೀಟು ಸಿಕ್ಕಿತ್ತು. ಅಪ್ಪ ಗೋಡೆಗೆ ಹೊಸ ವಿಷಯ ಹೇಳತೊಡಗಿದ್ದರು.

ಅವಳು ಬಾಗಿ ಆಶೀರ್ವಾದ ಕೇಳಿದಳು. ಮಾಸ್ಟ್ರು ತಲೆಯ ಮೇಲೆ ಕೈಯಿಟ್ಟರು.

"ಬರೀ ಆಶೀರ್ವಾದ ಎಂತಕ್ಕೆ?" ಎಂದ ಐತಪ್ಪ ದೋಣಿ ತಿರುಗಿಸುತ್ತಾ. "ಖುಷಿಗೆ ಒಮ್ಮೆ ಎಮ್ಮೆ ಕೂಗಿಸು ಮಾರಾಯ್ತಿ!"

ವಿನ್ನಿ ಮನಸ್ಸು ತುಂಬಿ ಊದಿದಳು. ಐತಪ್ಪ ಎದೆ ತುಂಬಿ ಹಾಡುತ್ತಾ ಹೋದ. ಆಚೆ ದಡ ಮುಟ್ಟುವವರೆಗೂ ಅವನ ದನಿ ಕೇಳುತ್ತಿತ್ತು.

ಮಾಸ್ಟ್ರು ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು. ಆಮೇಲೆ ಹೇಳಿದರು: "ನಾಳೆ ಮೊದಲ ದೋಣಿಗೆ ಬಾ."

"ನಾಳೆಯಾ?" ವಿನ್ನಿ ಕಣ್ಣರಳಿಸಿದಳು. "ಇನ್ನು ಎಂತ ಉಂಟು ಮಾಸ್ಟ್ರೇ? ಸೀಟು ಸಿಕ್ಕಿತಲ್ಲ."

"ಎರಡನೇ ಸಾಲು ಐತಪ್ಪ ಇನ್ನೂ ತಪ್ಪು ಹಾಡ್ತಾನೆ," ಎಂದರು ಮಾಸ್ಟ್ರು. "ಅದು ಅವನ ತಪ್ಪಲ್ಲ."