ಮೂರು ಕಾಲಿನ ಗಂಟು

"ಸ್ವಾಮೀ, ಮನಸ್ಸನ್ನು ಹಿಡಿಯುವುದನ್ನು ಕಲಿತೆ. ಇನ್ನು ಕಲಿಯುವುದು ಏನು ಉಳಿದಿದೆ?"

ಹೀಗೆ ಕೇಳಿದವನು ರಾಚಪ್ಪ. ಅವನು ಆ ಮಠದಲ್ಲಿ ನಾಲ್ಕು ವರ್ಷದಿಂದ ಇದ್ದ ಶಿಷ್ಯ. ಕೇಳಿಸಿಕೊಂಡವರು ಮಠದ ಹಿರಿಯ ಸ್ವಾಮಿಗಳು. ಪ್ರಶ್ನೆಯಲ್ಲಿ ಜಂಬ ಇರಲಿಲ್ಲ ಎಂದು ಹೇಳಲಾಗದು. ಆದರೆ ಸುಳ್ಳಂತೂ ಇರಲಿಲ್ಲ. ಧ್ಯಾನಕ್ಕೆ ಕೂತರೆ ಹತ್ತು ಉಸಿರಿನೊಳಗೆ ಅವನ ಮನಸ್ಸು ಅಲುಗದೆ ನಿಲ್ಲುತ್ತಿತ್ತು. ನಾವು ಚಾಪೆ ಬಿಡಿಸುವಷ್ಟರಲ್ಲಿ ರಾಚಪ್ಪ ಮುಗಿಸಿ ಎದ್ದಿರುತ್ತಾನೆ ಎಂದು ಉಳಿದ ಶಿಷ್ಯರು ನಗುತ್ತಿದ್ದರು.

ಸ್ವಾಮಿಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಈ ಕತೆ ನಮ್ಮ ಕಡೆಯದಲ್ಲ. ನಮ್ಮಲ್ಲಿ ಕರು ಕೊಟ್ಟಿಗೆಯಲ್ಲಿ ಹುಟ್ಟುತ್ತದೆ. ಹುಟ್ಟಿದ ಕೆಲವು ದಿನಗಳಲ್ಲೇ ಅದರ ಕೊರಳಿಗೆ ಕಣ್ಣಿ ಬೀಳುತ್ತದೆ. ಹೆಸರು ಹಿಡಿದು ಕೂಗಿದರೆ ಬರುತ್ತದೆ. ದೂರದ ಒಂದು ಹುಲ್ಲುಗಾವಲಿನ ನಾಡಿನಲ್ಲಿ ಹಾಗಲ್ಲ. ಅಲ್ಲಿ ಬೇಲಿ ಇಲ್ಲ, ಕೊಟ್ಟಿಗೆ ಇಲ್ಲ. ಹಸುಗಳು ಬಯಲಿನಲ್ಲೇ ಈಯುತ್ತವೆ. ಕರುಗಳು ಮನುಷ್ಯನ ಕೈ ಸೋಕದೆ ಬೆಳೆಯುತ್ತವೆ. ಬಯಲು ಬಹಳ ದೊಡ್ಡದು. ಆದ್ದರಿಂದ ದನ ಕಾಯುವವರು ಕುದುರೆಯ ಮೇಲೆ ತಿರುಗುತ್ತಾರೆ.

ಇಂತಹ ಕರುವಿಗೆ ಗಾಯವಾದರೆ ನೊಣ ಕೂರುತ್ತದೆ, ಹುಳ ಬೀಳುತ್ತದೆ. ಔಷಧಿ ಹಾಕಬೇಕಾದರೆ ಕರುವನ್ನು ಹಿಡಿಯಬೇಕು. ಹಿಡಿಯಲು ಹೋದರೆ ಅದು ಓಡುತ್ತದೆ. ಅದಕ್ಕಾಗಿ ಆ ಜನ ಹಗ್ಗದ ವಿದ್ಯೆಯೊಂದನ್ನು ಕಂಡುಕೊಂಡರು. ಓಡುವ ಕರುವಿನ ಹಿಂದೆ ಕುದುರೆ ಓಡಿಸಿ, ಅದರ ಕೊರಳಿಗೆ ಕುಣಿಕೆ ಎಸೆಯುವುದು. ಹಗ್ಗದ ಇನ್ನೊಂದು ತುದಿಯನ್ನು ಕುದುರೆಯ ಜೀನಿಗೆ ಕಟ್ಟಿರುತ್ತಾರೆ. ಕುಣಿಕೆ ಬಿದ್ದ ಕೂಡಲೇ ಸವಾರ ಕೆಳಗೆ ಹಾರುತ್ತಾನೆ. ಕುದುರೆ ತಾನಾಗಿಯೇ ಹಿಂದಕ್ಕೆ ಸರಿದು ಹಗ್ಗವನ್ನು ಬಿಗಿಯಾಗಿಡುತ್ತದೆ. ಎಳೆದರೆ ಕರುವಿಗೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಕರು ಓಡುತ್ತದೆ. ಎರಡೂ ಆಗದಂತೆ ನಿಲ್ಲುವುದನ್ನು ಕುದುರೆಗೆ ಕಲಿಸಲು ಎರಡು ವರ್ಷ ಬೇಕು. ಅಷ್ಟರಲ್ಲಿ ಸವಾರ ಓಡಿಹೋಗಿ ಕರುವನ್ನು ಮಗ್ಗುಲಿಗೆ ಮಲಗಿಸಿ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಗಿಡ್ಡ ಹುರಿಯಿಂದ ಮೂರು ಕಾಲುಗಳನ್ನು ಸೇರಿಸಿ ಕಟ್ಟುತ್ತಾನೆ. ನಾಲ್ಕು ಏಕೆ ಕಟ್ಟುವುದಿಲ್ಲ ಎಂದು ನೀನು ಕೇಳಬಹುದು. ಮೂರು ಕಟ್ಟಿದರೆ ಕರು ಏಳಲಾರದು. ಏಳದಿದ್ದರೆ ಸಾಕು.

ವರ್ಷಕ್ಕೊಮ್ಮೆ ಆ ನಾಡಿನ ಎಲ್ಲ ಮಂದೆಗಳ ಜನ ಒಂದು ಕಡೆ ಸೇರುತ್ತಿದ್ದರು. ಸೇರಿದಾಗ ಈ ಕೆಲಸವನ್ನೇ ಪಂದ್ಯ ಮಾಡಿಕೊಂಡರು. ಯಾರು ಬೇಗ ಕಟ್ಟುತ್ತಾರೋ ಅವರು ಗೆದ್ದಂತೆ. ಪಂದ್ಯಕ್ಕೆ ಒಂದು ಕಟ್ಟಳೆ ಇತ್ತು. ಕಟ್ಟಿದ ಮೇಲೆ ಸವಾರ ಎರಡೂ ಕೈ ಮೇಲೆತ್ತಬೇಕು. ಎತ್ತಿದ ಮೇಲೆ ಕರುವನ್ನು ಮುಟ್ಟುವಂತಿಲ್ಲ. ಕುದುರೆ ಏರಿ, ಒಂದು ಹೆಜ್ಜೆ ಮುಂದೆ ಬಂದು, ಹಗ್ಗ ಸಡಿಲ ಮಾಡಬೇಕು. ಅಲ್ಲಿಂದ ಆರು ಎಣಿಸುವವರೆಗೆ ಗಂಟು ನಿಲ್ಲಬೇಕು.

ಅಲ್ಲಿ ಒಬ್ಬ ದನಗಾಹಿ ಇದ್ದ. ಅವನು ಒಂದು ವರ್ಷ ಈ ಪಂದ್ಯದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತಿನಿಂದ ಸೋತ. ಮುಂದಿನ ವರ್ಷ ಗೆಲ್ಲಲೇಬೇಕು ಎಂದು ಹಟ ಹಿಡಿದ. ದಿನವೂ ಮರದ ದಿಮ್ಮಿಗೆ ಕುಣಿಕೆ ಎಸೆದ. ಬೆರಳುಗಳ ಚರ್ಮ ಸುಲಿಯಿತು, ಬಟ್ಟೆ ಸುತ್ತಿಕೊಂಡು ಎಸೆದ. ಹಿರಿಯರು ಹುರಿಯನ್ನು ಮೂರು ಸುತ್ತು ಸುತ್ತುತ್ತಿದ್ದರು. ಆರು ಎಣಿಸುವವರೆಗೆ ಎರಡು ಸುತ್ತು ಸಾಕು ಎಂದು ಅವನು ಲೆಕ್ಕ ಹಾಕಿ ಒಂದು ಸುತ್ತು ಬಿಟ್ಟ. ಆ ವರ್ಷ ಅವನು ಗೆದ್ದ. ಅದರ ಮುಂದಿನ ವರ್ಷವೂ ಗೆದ್ದ.

ಅದೇ ನಾಡಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳದು ಹನ್ನೊಂದು ಹಸುಗಳ ಸಣ್ಣ ಮಂದೆ. ಆ ವರ್ಷ ಹುಟ್ಟಿದ ಕರುಗಳಲ್ಲಿ ಉಳಿದದ್ದು ಒಂದೇ ಒಂದು ಹೆಣ್ಣುಗರು. ಅದು ಹಿಂಗಾಲು ಎಳೆಯುತ್ತಿತ್ತು, ಹತ್ತಿರ ಹೋದರೆ ನಾರುತ್ತಿತ್ತು. ಎಲ್ಲೋ ಮುಳ್ಳು ಗೀರಿ ಹುಳ ಬಿದ್ದಿದೆ ಎಂದು ಅವಳಿಗೆ ತಿಳಿಯಿತು. ಆದರೆ ಓಡುವ ಕರುವನ್ನು ಹಿಡಿಯುವ ವಯಸ್ಸು ಅವಳದಲ್ಲ. ಗೆದ್ದವನನ್ನೇ ಕರೆಸಿದಳು.

ಅವನು ಬಂದ. ಮುದುಕಿ ಔಷಧಿಯ ಬಾಟಲಿ ಹಿಡಿದು ತನ್ನ ಮುದಿ ಕುದುರೆಯ ಮೇಲೆ ಹಿಂದೆ ಹೊರಟಳು. ಅವನು ಕಾಯಲಿಲ್ಲ. ಕುದುರೆ ಹಾರಿತು, ಕುಣಿಕೆ ಬಿತ್ತು, ಕರು ಮಲಗಿತು, ಮೂರು ಕಾಲಿಗೆ ಗಂಟು ಬಿತ್ತು. ಅಲ್ಲಿಯವರೆಗೆ ಒಂದು ತಪ್ಪೂ ಇರಲಿಲ್ಲ. ಆಮೇಲೆ ಅವನು ಎರಡೂ ಕೈ ಮೇಲೆತ್ತಿದ. ಹಿಂದೆ ಸರಿದ. ಕುದುರೆ ಏರಿ ಒಂದು ಹೆಜ್ಜೆ ಮುಂದೆ ಬಂದು ಹಗ್ಗ ಸಡಿಲ ಮಾಡಿದ. ಬೇಕೆಂದು ಮಾಡಿದ್ದಲ್ಲ. ಎರಡು ವರ್ಷದಿಂದ ಅವನ ಮೈ ಕಲಿತದ್ದೇ ಅದು.

ಎರಡು ಸುತ್ತಿನ ಗಂಟು ಆರು ಎಣಿಸುವವರೆಗೆ ನಿಂತಿತು. ಹತ್ತು ಎಣಿಸುವಷ್ಟರಲ್ಲಿ ಬಿಚ್ಚಿತು. ಕರು ಎದ್ದು ಕೊರಳು ಒದರಿ, ಸಡಿಲವಾದ ಕುಣಿಕೆಯನ್ನು ಕಳಚಿಕೊಂಡು ಓಡಿತು. ಮುದುಕಿ ಆಗ ಬಂದು ತಲುಪಿದಳು.

ಯಾಕೆ ಬಿಟ್ಟೆ ಎಂದು ಅವಳು ಕೇಳಲಿಲ್ಲ. "ಬಲಗಾಲೋ ಎಡಗಾಲೋ?" ಎಂದು ಕೇಳಿದಳು. ಗಾಯ ಯಾವ ಕಾಲಿಗೆ ಎಂದು ಅರ್ಥ.

"ನೋಡಲಿಲ್ಲ ಅಮ್ಮ" ಎಂದ ದನಗಾಹಿ.

"ಕೈ ಇಳಿಸಿಕೊಳ್ಳಪ್ಪ. ಇಲ್ಲಿ ಎಣಿಸುವವರು ಯಾರೂ ಇಲ್ಲ" ಎಂದಳು ಅವಳು. ಅವನ ಕೈ ಆಗ ಕೆಳಗೇ ಇತ್ತು. ಆದರೂ ಅವನು ಒಮ್ಮೆ ನೋಡಿಕೊಂಡ.

ಇನ್ನು ಮೂರು ದಿನದೊಳಗೆ ಔಷಧಿ ಬೀಳದಿದ್ದರೆ ಹುಳ ಒಳಕ್ಕೆ ಇಳಿಯುತ್ತದೆ, ಆಮೇಲೆ ಕರು ಉಳಿಯುವುದಿಲ್ಲ ಎಂದು ಮುದುಕಿ ಹೇಳಿದಳು. ಬೇರೆ ಯಾರನ್ನಾದರೂ ಕರೆಸುತ್ತೇನೆ ಎಂದೂ ಹೇಳಿದಳು. ಅವನು ಒಪ್ಪಲಿಲ್ಲ. ಔಷಧಿಯ ಬಾಟಲಿ ಕೇಳಿ ತೆಗೆದುಕೊಂಡು ತಾನೇ ಹೊರಟ.

ಆದರೆ ಕರುವಿಗೆ ಈಗ ಕುದುರೆ ಎಂದರೆ ಏನೆಂದು ತಿಳಿದಿತ್ತು. ಗೊರಸಿನ ಸದ್ದು ಕೇಳಿದರೆ ಸಾಕು, ಮುಳ್ಳುಪೊದೆಗಳ ಒಳಗೆ ನುಗ್ಗುತ್ತಿತ್ತು. ಓಡಿಸಿದರೆ ಗಾಯ ಇನ್ನೂ ಹರಿಯುತ್ತದೆ. ಆದ್ದರಿಂದ ಅವನು ಓಡಿಸಲಿಲ್ಲ. ಮೊದಲ ದಿನ ಕುದುರೆಯಿಂದ ಇಳಿದು, ಅದನ್ನು ಹಿಡಿದುಕೊಂಡು ಕೂಗಳತೆಯಲ್ಲಿ ಹಿಂದೆ ನಡೆದ. ಎರಡನೆಯ ದಿನ ಅದರ ಅರ್ಧದಷ್ಟು ದೂರದಲ್ಲಿ ನಡೆದ. ಕರು ನಿಂತರೆ ನಿಂತ. ಹಗ್ಗವನ್ನು ತಲೆಯ ಮೇಲೆ ಒಮ್ಮೆಯೂ ಬೀಸಲಿಲ್ಲ. ಪಂದ್ಯದಲ್ಲಿ ಅವನನ್ನು ಕಂಡವರು ಆಗ ನೋಡಿದ್ದರೆ, ಇವನಿಗೆ ಹಗ್ಗ ಮರೆತುಹೋಗಿದೆ ಎನ್ನುತ್ತಿದ್ದರು.

ಮೂರನೆಯ ದಿನ ಕರು ಹಾಲು ಕುಡಿಯುವುದನ್ನು ಬಿಟ್ಟಿತು. ತಾಯಿಯ ಹತ್ತಿರ ತಲೆ ತಗ್ಗಿಸಿ ನಿಂತಿತ್ತು. ಅವನು ಹತ್ತಿರ ಹೋಗಿ, ಬೀಸದೆ, ಮೊಣಕೈ ಮಾತ್ರ ಆಡಿಸಿ ಕುಣಿಕೆ ಎಸೆದ. ಬಿತ್ತು. ಕುದುರೆ ಹಗ್ಗವನ್ನು ಹಿಡಿದು ನಿಂತಿತು. ಕರುವನ್ನು ಮಲಗಿಸಿ ಹುರಿಯನ್ನು ಮೂರು ಸುತ್ತು ಸುತ್ತಿ ಕಟ್ಟಿದ. ಕಟ್ಟಿದ ಕೂಡಲೇ ಅವನ ಕೈಗಳು ತಾವಾಗಿಯೇ ಎದ್ದವು. ಭುಜದವರೆಗೆ ಬಂದವು. ಅವನು ಅವುಗಳನ್ನು ಕೆಳಗಿಳಿಸಿ ನೆಲದ ಮೇಲೆ ಕೂತ.

ಗಾಯ ಎಡಗಾಲಿನ ತೊಡೆಯ ಒಳಗಡೆ ಇತ್ತು. ನಿಂತ ಕರುವಿನಲ್ಲಿ ಕಾಣುವಂತಿರಲಿಲ್ಲ. ಒಂದು ಕಡ್ಡಿ ಹಿಡಿದು ಹುಳಗಳನ್ನು ಒಂದೊಂದಾಗಿ ತೆಗೆಯತೊಡಗಿದ. ಬೇಗ ಮಾಡುವ ದಾರಿ ಇರಲಿಲ್ಲ. ಒಂದು ಉಳಿದರೂ ಮಾಡಿದ್ದೆಲ್ಲ ವ್ಯರ್ಥ. ನಡುವೆ ತಾಯಿಹಸು ಬಂದು ಅವನ ಬೆನ್ನಿಗೆ ಕೊಂಬು ಹಾಕಿತು. ಅಂಗಿ ಹರಿಯಿತು, ರಕ್ತ ಬಂತು. ಅವನು ಏಳಲಿಲ್ಲ. ಕೊನೆಯ ಹುಳ ಬಿದ್ದ ಮೇಲೆ ಔಷಧಿ ಸುರಿದ. ಗಂಟು ಬಿಚ್ಚಿದ. ಕುಣಿಕೆಯನ್ನು ತಾನೇ ತೆಗೆದು, ಕರು ಎದ್ದು ತಾಯಿಯ ಕೆಚ್ಚಲಿಗೆ ಬಾಯಿ ಹಾಕುವವರೆಗೆ ಅಲ್ಲೇ ನಿಂತ.

ಮುದುಕಿ ದಿಬ್ಬದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಇಷ್ಟು ಹೊತ್ತು ತೆಗೆದುಕೊಂಡರೆ ಪಂದ್ಯದಲ್ಲಿ ನಿನ್ನನ್ನು ಮಕ್ಕಳ ಸಾಲಿನಲ್ಲಿ ನಿಲ್ಲಿಸುತ್ತಾರೆ ಎಂದು ನಕ್ಕಳು. ಆಮೇಲೆ ಅವನ ಬೆನ್ನಿಗೂ ಅದೇ ಔಷಧಿ ಹಚ್ಚಿದಳು. ಕರು ಬದುಕಿತು. ಎಡಗಾಲು ಮಾತ್ರ ಕೊನೆಯವರೆಗೂ ಸ್ವಲ್ಪ ಎಳೆಯುತ್ತಿತ್ತು.

ಸ್ವಾಮಿಗಳು ಕತೆ ನಿಲ್ಲಿಸಿದರು. ಅವನು ಮತ್ತೆ ಪಂದ್ಯಕ್ಕೆ ಹೋದನೇ ಎಂದು ರಾಚಪ್ಪ ಕೇಳಿದ. ಹೋಗಿರಬಹುದು, ಪಂದ್ಯ ತಪ್ಪಲ್ಲ ಎಂದರು ಸ್ವಾಮಿಗಳು. ಆಮೇಲೆ ಅವರೇ ಕೇಳಿದರು.

"ಹತ್ತು ಉಸಿರಿನಲ್ಲಿ ಮನಸ್ಸನ್ನು ಹಿಡಿಯುತ್ತೀಯಲ್ಲ ರಾಚಪ್ಪ, ಅದಕ್ಕೆ ನೋವಾಗಿರುವುದು ಎಲ್ಲಿ?"

ರಾಚಪ್ಪ ಎದ್ದು ಹೋಗಿ ಚಾಪೆ ಬಿಡಿಸಿ ಧ್ಯಾನಕ್ಕೆ ಕೂತ. ಈ ಸಲ ಉಸಿರು ಎಣಿಸಲಿಲ್ಲ.